ಮದುವೆಯೂ ದೇವಕರೆ: ಕರಾವಳಿಯ ವಿವಾಹಪೂರ್ವ ಶಿಬಿರವೊಂದರ ವಿಮರ್ಶೆ

ಉತ್ತರ ಕನ್ನಡದಲ್ಲಿ ಕಥೋಲಿಕ ಇಗರ್ಜಿಯಲ್ಲಿ ಮದುವೆಯಾಗಬಯಸುವವರಿಗೆ ವಿವಾಹಪೂರ್ವ ಶಿಬಿರವೆಂಬುದು ಈಗ ತಪ್ಪಿಸಿಕೊಳ್ಳಲಾಗದ ಹಂತ. ಹಾಲ್ ಗೊತ್ತುಮಾಡಿ, ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಟ್ಟು, ಸೀರೆ ಚಿನ್ನದ ಖರೀದಿಯನ್ನೂ ಮುಗಿಸಿದ ಮೇಲೆ ಕೊನೆಯಲ್ಲಿ ನೆನಪಾಗುವ ಕಾಗದವೆಂದರೆ ಈ ಶಿಬಿರದ ಪ್ರಮಾಣಪತ್ರವೇ ಆಗಿರುವ ಮನೆಗಳೂ ಇವೆ. ನಾನು ಹೊನ್ನಾವರದ ಕಡೆಯವಳು, ನನ್ನನ್ನು ಮದುವೆಯಾಗಲಿರುವವರು ಕಾರವಾರದವರು, ಸರಕು ಹಡಗಿನಲ್ಲಿ ಕೆಲಸ ಮಾಡುವವರು. ಅವರ ರಜೆಗೆ ಹೊಂದಿಸಿಕೊಂಡು ನಾವಿಬ್ಬರೂ ಕರಾವಳಿಯ ಧರ್ಮಕೇಂದ್ರವೊಂದರಲ್ಲಿ (ಪ್ಯಾರಿಷ್) ನಡೆದ ಶಿಬಿರದಲ್ಲಿ ಭಾಗವಹಿಸಿದೆವು. ಇನ್ನು ಮುಂದೆ ಹೋಗಲಿರುವವರಿಗೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಸ್ಥಳದ ಹೆಸರನ್ನು ಬಿಟ್ಟಿದ್ದೇನೆ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಶನಿವಾರ ಬೆಳಿಗ್ಗೆ ಆರಂಭವಾದ ಶಿಬಿರ ಭಾನುವಾರದ ಬಲಿಪೂಜೆ (ಮಾಸ್) ಮತ್ತು ಮಧ್ಯಾಹ್ನದ ಊಟದೊಂದಿಗೆ ಮುಗಿಯಿತು. ಶುಲ್ಕ ದಿನಗೂಲಿಯವರಿಗೂ ಭಾರವಾಗದಷ್ಟು. ಅದರಲ್ಲೇ ಊಟ ವಸತಿ ಸೇರಿತ್ತು. ಹುಡುಗಿಯರಿಗೆ ಕಾನ್ವೆಂಟಿನಲ್ಲಿ, ಹುಡುಗರಿಗೆ ಶಾಲೆಯ ಕೋಣೆಗಳಲ್ಲಿ ಮಲಗುವ ಏರ್ಪಾಡು ಮಾಡಿದ್ದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಸೋಲ್ ಕಡಿ ಎಲ್ಲವೂ ಮನೆಯೂಟದಂತೆಯೇ ಇದ್ದವು. ಧ್ವನಿವರ್ಧಕ ಮಾತ್ರ ಹಿಂದಿನ ಸಾಲಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ಮುಂದೆ ಕುಳಿತುಕೊಳ್ಳುವುದು ಮೇಲು.

1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ರೂಪುಗೊಂಡ ಕಾರವಾರ ಧರ್ಮಪ್ರಾಂತವು, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶವು, ಇಡೀ ಉತ್ತರ ಕನ್ನಡ ಜಿಲ್ಲೆಯನ್ನು ಒಳಗೊಂಡಿದೆ. ಹಾಗಾಗಿ ಕರಾವಳಿಯ ಕೊಂಕಣಿ ಮಾತಿನ ಜೋಡಿಗಳ ಪಕ್ಕದಲ್ಲೇ ಶಿರಸಿ, ಮುಂಡಗೋಡು ಕಡೆಯವರೂ, ಹಳಿಯಾಳ ಮತ್ತು ಯಲ್ಲಾಪುರದ ಸಿದ್ದಿ ಸಮುದಾಯದ ಕ್ರೈಸ್ತರೂ ಕುಳಿತಿದ್ದರು. ಎಲ್ಲರಿಗೂ ಅರ್ಥವಾಗಲೆಂದು ತರಗತಿಗಳನ್ನು ಕನ್ನಡದಲ್ಲಿ ನಡೆಸಿದರು. ಇದು ಬಹಳ ಒಳ್ಳೆಯ ನಿರ್ಧಾರ. ಘಟ್ಟದ ಮೇಲಿನ ಕೃಷಿಕೂಲಿ ಕುಟುಂಬದ ಹುಡುಗಿಯೊಬ್ಬಳು ಮೊದಲ ತರಗತಿಯಲ್ಲೇ ಎದ್ದುನಿಂತು ಪ್ರಶ್ನೆ ಕೇಳಿದಳೆಂದರೆ ಅದಕ್ಕೆ ಭಾಷೆಯೂ ಒಂದು ಕಾರಣ.

ಆಕೆ ಕೇಳಿದ್ದು ಇದನ್ನು: ಸಿಸ್ಟರ್ ಆಗುವವರಿಗೆ, ಫಾದರ್ ಆಗುವವರಿಗೆ ದೇವಕರೆ ಬರುತ್ತದೆ ಎನ್ನುತ್ತಾರೆ, ನಮಗೆ ಮನೆಯವರು ಗಂಡು ನೋಡಿದ್ದಾರೆ, ಇದರಲ್ಲಿ ದೇವರು ಕರೆದದ್ದು ಎಲ್ಲಿ? ತರಗತಿ ನಡೆಸುತ್ತಿದ್ದ ಗುರುಗಳು ಆ ಪ್ರಶ್ನೆಯನ್ನು ತೇಲಿಸಿಬಿಡದೆ, ತಾವು ಸಿದ್ಧಪಡಿಸಿಕೊಂಡು ಬಂದಿದ್ದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು, ಉಳಿದ ಸಮಯವನ್ನೆಲ್ಲ ಅದಕ್ಕೇ ಕೊಟ್ಟರು. ಇಡೀ ಶಿಬಿರದ ಅತ್ಯುತ್ತಮ ಭಾಗ ಅದೇ.

ಅವರು ಎತ್ತಿಕೊಂಡ ಮೊದಲ ಆಧಾರ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯ. ಒಬ್ಬೊಬ್ಬರಿಗೂ ದೇವರಿಂದ ಒಂದೊಂದು ಬಗೆಯ ವರದಾನವಿದೆ ಎಂದು ಪೌಲರು ಅಲ್ಲಿ ಹೇಳುತ್ತಾರೆ. ಬ್ರಹ್ಮಚರ್ಯವನ್ನು ಅಷ್ಟು ಮೆಚ್ಚಿದ ಪೌಲರೇ ಆ ಮಾತಿನಲ್ಲಿ ಮದುವೆಯನ್ನೂ ದೇವರ ವರದ ಸಾಲಿಗೆ ಸೇರಿಸಿದ್ದಾರೆ. ಇನ್ನೊಂದು, ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಪಾವಿತ್ರ್ಯವು ಗುರುಗಳಿಗೂ ಸನ್ಯಾಸಿಗಳಿಗೂ ಮೀಸಲಾದದ್ದಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಆ ಕರೆ ಇದೆ ಎಂದು 1964ರಲ್ಲಿ ಆ ಸಭೆ ತನ್ನ 'ಲುಮೆನ್ ಜೆನ್ಸಿಯುಮ್' ಎಂಬ ದಸ್ತಾವೇಜಿನಲ್ಲಿ ಸಾರಿತು. ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ (ಚರ್ಚ್) ಎಂದು ಕರೆದದ್ದೂ ಅದೇ ದಸ್ತಾವೇಜು. ಮೂರನೆಯದು ನನಗೆ ಹೊಸದಾಗಿತ್ತು, ಅದನ್ನು ಕೇಳಿದ ಮೇಲೆ ಮದುವೆಯ ಬಗ್ಗೆ ಯೋಚಿಸುವ ರೀತಿಯೇ ಬೇರೆಯಾಯಿತು. ಕಥೋಲಿಕ ಧರ್ಮೋಪದೇಶವು ದೇವರ ಕೃಪೆ ಕೊಡುವ ಪವಿತ್ರ ವಿಧಿಗಳಾದ ಏಳು ಸಂಸ್ಕಾರಗಳಲ್ಲಿ ಗುರುದೀಕ್ಷೆ (ಫಾದರ್ ಆಗುವ ದೀಕ್ಷೆ) ಮತ್ತು ವಿವಾಹ ಇವೆರಡನ್ನು ಒಂದೇ ಗುಂಪಿನಲ್ಲಿರಿಸುತ್ತದೆ. ಉಳಿದವುಗಳನ್ನು ಪಡೆಯುವವನು ಮೊದಲಿಗೆ ತನ್ನ ಆತ್ಮದ ಒಳಿತಿಗಾಗಿ ಪಡೆಯುತ್ತಾನೆ. ಇವೆರಡಾದರೋ ಇತರರ ರಕ್ಷಣೆಗಾಗಿ ಕೊಡಲ್ಪಟ್ಟಿರುವಂಥವು, ಇತರರ ಸೇವೆಯ ಮೂಲಕವೇ ಪಡೆದವನ ಆತ್ಮಕ್ಕೂ ಒಳಿತಾಗುತ್ತದೆ. ಗುರುವಿಗೆ ಅವನ ಜನ ಹೇಗೋ ಹೆಂಡತಿಗೆ ಗಂಡ, ಗಂಡನಿಗೆ ಹೆಂಡತಿ ಹಾಗೆ. ಒಬ್ಬರನ್ನೊಬ್ಬರು ದೇವರ ಹತ್ತಿರಕ್ಕೆ ಕರೆದೊಯ್ಯುವ ಹೊಣೆ ಅವರ ಮೇಲಿದೆ. ಮನೆಯವರು ಗಂಡು ನೋಡಿದ್ದರಿಂದ ದೇವರು ಕರೆದಿಲ್ಲವೆಂದು ಆಗುವುದಿಲ್ಲ, ಆ ಕರೆ ನಿಮ್ಮ ಕಿವಿಗೆ ಬಿದ್ದದ್ದು ತಾಯಿ ತಂದೆಯ ಬಾಯಿಂದ ಇರಬಹುದು, ಆದರೆ ಉತ್ತರವನ್ನು ನೀವೇ ಕೊಡಬೇಕು ಎಂದು ಗುರುಗಳು ಆ ಹುಡುಗಿಗೆ ಹೇಳಿದರು.

ಉತ್ತರವನ್ನು ನೀವೇ ಕೊಡಬೇಕು ಎಂಬ ಮಾತಿಗೆ ಧರ್ಮಸಭೆಯ ಕಾನೂನಿನಲ್ಲೇ ಗಟ್ಟಿಯಾದ ನೆಲೆಯಿದೆ ಎಂಬುದು ಮಧ್ಯಾಹ್ನದ ತರಗತಿಯಲ್ಲಿ ತಿಳಿಯಿತು. ನಮ್ಮಂತೆ ಲ್ಯಾಟಿನ್ ವಿಧಿಯ, ಅಂದರೆ ರೋಮಿನ ಸಂಪ್ರದಾಯದ, ಕಥೋಲಿಕರಲ್ಲಿ ವಿವಾಹ ಸಂಸ್ಕಾರವನ್ನು ನೀಡುವವರು ವಧೂವರರೇ. ಗುರುಗಳು ಧರ್ಮಸಭೆಯ ಪರವಾಗಿ ಅವರ ಸಮ್ಮತಿಯನ್ನು ಕೇಳಿ ಸ್ವೀಕರಿಸುತ್ತಾರೆ, ಜೊತೆಗೆ ಇಬ್ಬರು ಸಾಕ್ಷಿಗಳಿರುತ್ತಾರೆ. ಪೂರ್ವದ ಸಂಪ್ರದಾಯಗಳನ್ನು ಅನುಸರಿಸುವ ಪೌರಸ್ತ್ಯ ಸಭೆಗಳಲ್ಲಿ ಗುರುವಿನ ಆಶೀರ್ವಾದವೂ ಅಗತ್ಯವಾದ್ದರಿಂದ ಅಲ್ಲಿನ ತಿಳಿವಳಿಕೆ ಬೇರೆ. ನಮ್ಮಲ್ಲಿ ಮದುವೆಯನ್ನು ಮದುವೆಯಾಗಿಸುವುದು ಇಬ್ಬರ ಸ್ವತಂತ್ರ ಸಮ್ಮತಿ. ಅದನ್ನು ಬೇರೆ ಯಾವ ಮಾನವ ಶಕ್ತಿಯೂ ತುಂಬಿಕೊಡಲಾರದು ಎಂದು ಧರ್ಮಸಭೆಯ ಕಾನೂನಿನ 1057ನೆಯ ವಿಧಿ ಹೇಳುತ್ತದೆ. ಮದುವೆಗೆ ಮೊದಲು ಗುರುಗಳು ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ ಕೂರಿಸಿ ಪ್ರಶ್ನಿಸುವುದು ಈ ಕಾರಣಕ್ಕೆ. ಪೀಠದ ಮುಂದೆ ನಿಂತಾಗಲೂ, ಒತ್ತಾಯವಿಲ್ಲದೆ ಮನಃಪೂರ್ವಕವಾಗಿ ಬಂದಿರುವಿರಾ, ಬದುಕಿರುವವರೆಗೆ ಪರಸ್ಪರ ಪ್ರೀತಿಸಿ ಗೌರವಿಸುವಿರಾ, ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸುವಿರಾ ಎಂದು ಮೊದಲು ಕೇಳಿ, ಆಮೇಲಷ್ಟೇ ಸಮ್ಮತಿಯ ಮಾತುಗಳನ್ನು ಆಡಿಸುತ್ತಾರೆ. ಹಿರಿಯರು ಕೂತು ಮಾತುಕತೆ ಮುಗಿಸಿದ ಮೇಲೆ 'ಇಲ್ಲ' ಎನ್ನುವುದು ಎಷ್ಟು ಕಷ್ಟವೆಂಬುದು ನಮ್ಮ ಊರುಗಳ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಮನಸ್ಸಿಲ್ಲದಿದ್ದರೆ ನಿಶ್ಚಯವಾದ ಮದುವೆಯನ್ನೂ ನಿಲ್ಲಿಸಬಹುದು, ಆ ಮಾತನ್ನು ನಮ್ಮ ಹತ್ತಿರ ಬಂದು ಹೇಳಿದರೆ ಮನೆಯವರೊಂದಿಗೆ ನಾವೇ ಮಾತನಾಡುತ್ತೇವೆ ಎಂದು ಶಿಬಿರದಲ್ಲಿ ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳಿದ್ದಕ್ಕಾಗಿ ಆ ಗುರುಗಳಿಗೂ ಅವರ ಜೊತೆಗಿದ್ದ ಸಿಸ್ಟರ್‌ಗೂ ನಾನು ಕೃತಜ್ಞಳು.

ಸಂತ ದಂಪತಿಗಳ ಕುರಿತ ಚಿತ್ರಪ್ರದರ್ಶನ ಮಾತ್ರ ನಿರಾಶೆಗೊಳಿಸಿತು. ಫ್ರಾನ್ಸಿನ ಅಲೆನ್ಸೋನ್ ಪಟ್ಟಣದ ಲೂಯಿ ಮತ್ತು ಝೆಲಿ ಮಾರ್ಟಿನ್ ಅವರನ್ನು ತೋರಿಸಿ, ಇವರು ಲಿಸಿಯೋದ ಸಂತ ತೆರೇಸಳ ತಂದೆ ತಾಯಿ ಎಂದು ಹೇಳಿ ಮುಂದೆ ಹೋದರು. ಮದುವೆ ದೇವಕರೆಯೆಂಬ ವಿಷಯಕ್ಕೆ ಅವರ ಬದುಕಿಗಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ. ಗಡಿಯಾರ ಕೆಲಸದ ಲೂಯಿ ಯೌವನದಲ್ಲಿ ಮಠ ಸೇರಲು ಹೋಗಿದ್ದ, ಲ್ಯಾಟಿನ್ ಬಾರದೆಂದು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಝೆಲಿಯೂ ಕನ್ಯಾಸ್ತ್ರೀಯಾಗಲು ಬಯಸಿ ನಿರಾಕರಣೆ ಪಡೆದವಳು. ಆಮೇಲೆ ಕಸೂತಿ ಲೇಸ್ ತಯಾರಿಕೆಯ ಉದ್ಯಮ ನಡೆಸಿದಳು. 1858ರಲ್ಲಿ ಮದುವೆಯಾದ ಅವರಿಗೆ ಒಂಬತ್ತು ಮಕ್ಕಳು ಹುಟ್ಟಿ, ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. 1877ರಲ್ಲಿ ಝೆಲಿ ಸ್ತನ ಕ್ಯಾನ್ಸರಿನಿಂದ ಸತ್ತಾಗ ಕಿರಿಯವಳಾದ ತೆರೇಸಳಿಗೆ ನಾಲ್ಕೂವರೆ ವರ್ಷ. ಲೂಯಿ ಕೊನೆಗಾಲದಲ್ಲಿ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ವರ್ಷಗಳನ್ನು ಕಳೆಯಬೇಕಾಯಿತು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಗಂಡ ಹೆಂಡತಿಯನ್ನು ಜೋಡಿಯಾಗಿ ಹಾಗೆ ಘೋಷಿಸಿದ್ದು ಅದೇ ಮೊದಲು. ಮಠದ ಬಾಗಿಲು ಮುಚ್ಚಿದ್ದರಿಂದ ಅವರಿಗೆ ಉಳಿದದ್ದು ಎರಡನೆಯ ದರ್ಜೆಯ ದಾರಿಯಾಗಿರಲಿಲ್ಲ, ಅವರನ್ನು ದೇವರು ಕರೆದಿದ್ದ ದಾರಿಯೇ ಅದಾಗಿತ್ತು. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಬಹುದಿತ್ತು. ಬದಲಿಗೆ, ಮಗಳು ಸಂತಳಾದದ್ದರಿಂದ ತಂದೆ ತಾಯಿಗೆ ಗೌರವ ಬಂತೆಂಬ ಭಾವನೆ ಕೇಳುಗರಲ್ಲಿ ಉಳಿಯಿತು.

ಭಾನುವಾರ ಬೆಳಿಗ್ಗೆ ಅಂಕೋಲಾ ಕಡೆಯ ಹಿರಿಯ ದಂಪತಿಗಳು ತೆಗೆದುಕೊಂಡ ತರಗತಿಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ಎಫೆಸಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಮದುವೆಗಳಲ್ಲಿ ಕೇಳಿ ಕೇಳಿ, ಸ್ತ್ರೀಯರು ಪತಿಗೆ ಅಧೀನರಾಗಿರಲಿ ಎಂಬ ಇಪ್ಪತ್ತೆರಡನೆಯ ವಚನವೊಂದೇ ನಮ್ಮ ಮನೆಗಳಲ್ಲಿ ಬಾಯಿಪಾಠವಾಗಿದೆ. ಆ ಹಿರಿಯರು ಓದಲು ತೊಡಗಿದ್ದು ಇಪ್ಪತ್ತೊಂದನೆಯ ವಚನದಿಂದ: ಕ್ರಿಸ್ತರ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬ ಮಾತಿನಿಂದ. ಅಲ್ಲಿಂದ ಮುಂದೆ, ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂಬ ಮಾತಿಗೆ ಬಂದು, ಹೆಂಡತಿಗೆ ಹೇಳಿದ್ದಕ್ಕಿಂತ ಗಂಡನಿಗೆ ಹೇಳಿದ್ದು ಅಲ್ಲಿ ಎಷ್ಟು ಹೆಚ್ಚಿದೆ, ಎಷ್ಟು ಕಠಿಣವಿದೆ ಎಂಬುದನ್ನು ಹುಡುಗರತ್ತ ತಿರುಗಿ ವಿವರಿಸಿದರು. ಕೈಯೆತ್ತುವ ಗಂಡಸು ಈ ಪತ್ರದ ಹೆಸರು ಹೇಳಲು ಅರ್ಹನಲ್ಲ ಎಂದು ಖಂಡಿತವಾಗಿ ಹೇಳಿದರು. ಅವರ ಹೆಂಡತಿ ಮಾತನಾಡಿದ್ದು ಕಡಿಮೆ, ಆದರೆ ಆಡಿದ ಮಾತು ನೆನಪಿನಲ್ಲುಳಿಯುವಂಥದ್ದು. "ಜಗಳ ಆದ ದಿನ ನಾನು ಇವರಿಗೆ ಊಟ ಬಡಿಸದೇ ಇದ್ದದ್ದಿಲ್ಲ. ಆದರೆ ಮಾತಾಡದೇ ಬಡಿಸಿದ್ದುಂಟು. ಹಾಗೆ ಬಡಿಸಿದ ಊಟ ಹೊಟ್ಟೆಗೆ ಸೇರೂದಿಲ್ಲ ಮಕ್ಕಳೇ, ಮೊದಲು ಮಾತಾಡಿ" ಎಂದರು. ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀತಿಯಾ' ಪತ್ರದಲ್ಲಿ ಮನೆಯೊಳಗೆ ದಯವಿಟ್ಟು, ಧನ್ಯವಾದ, ಕ್ಷಮಿಸು ಎಂಬ ಮೂರು ಮಾತುಗಳು ಬೇಕೆಂದು ಹೇಳಿದ್ದನ್ನು ಹಿಂದಿನ ದಿನ ಫಲಕದ ಮೇಲೆ ಓದಿದ್ದೆವು. ಅದು ನಡೆಯುವುದು ಹೇಗೆಂದು ಕಂಡದ್ದು ಈ ದಂಪತಿಗಳಲ್ಲಿ.

ಕಾನೂನು ಮತ್ತು ಕಾಗದಪತ್ರಗಳ ತರಗತಿ ಚಿಕ್ಕದಾಗಿ ಚೊಕ್ಕವಾಗಿತ್ತು. ವರನಿಗೆ 21, ವಧುವಿಗೆ 18 ತುಂಬಿರಬೇಕು. ಇತ್ತೀಚೆಗೆ ಪಡೆದ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕು. ಇಬ್ಬರ ಧರ್ಮಕೇಂದ್ರಗಳಲ್ಲೂ ಮದುವೆಯ ಪ್ರಕಟಣೆಯಾಗಬೇಕು. ಇಗರ್ಜಿಯ ದಾಖಲೆ ಪುಸ್ತಕದಲ್ಲಿ ಸಹಿ ಬೀಳಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಬಗ್ಗೆಯೂ ಅಗತ್ಯವಿದ್ದಷ್ಟು ತಿಳಿಸಿದರು. ಸಹಜ ಕುಟುಂಬ ಯೋಜನೆಯ ತರಗತಿಯನ್ನು ಅನುಭವಿ ನರ್ಸ್ ಸಿಸ್ಟರ್ ನಡೆಸಿದರು, ಗರ್ಭ ನಿಲ್ಲುವ ದಿನಗಳನ್ನು ಹೆಣ್ಣಿನ ದೇಹದ ಲಕ್ಷಣಗಳಿಂದ ಗುರುತಿಸುವ ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ದಂಪತಿಗಳ ವಿಧಾನವನ್ನು ಸಂಕೋಚವಿಲ್ಲದೆ ವಿವರಿಸಿದರು. ಆದರೆ ಆ ಹೊತ್ತಿಗೆ ಹುಡುಗರನ್ನು ಬೇರೆ ಕೋಣೆಗೆ ಕಳಿಸಿದ್ದು ಸರಿಯಲ್ಲ. ಪೋಪ್ ಆರನೆಯ ಪೌಲರ 1968ರ 'ಹ್ಯುಮಾನೆ ವೀತೆ' ಪತ್ರ ಹೊಣೆಯರಿತ ತಾಯ್ತಂದೆತನವನ್ನು ದಂಪತಿಗಳಿಬ್ಬರ ಕರ್ತವ್ಯವೆಂದು ಹೇಳುತ್ತದೆ, ಸಂಯಮದ ದಿನಗಳ ಭಾರವನ್ನು ಹೆಣ್ಣೊಬ್ಬಳೇ ಲೆಕ್ಕವಿಟ್ಟು ಹೊರುವಂತಾದರೆ ಆ ಬೋಧನೆಯ ತಿರುಳೇ ಕೈತಪ್ಪುತ್ತದೆ.

ಅನ್ಯಧರ್ಮೀಯರೊಂದಿಗಿನ ವಿವಾಹದ ವಿಷಯವನ್ನು ಅವರು ನಿರ್ವಹಿಸಿದ ರೀತಿಯನ್ನು ಹೊಗಳಲೇಬೇಕು. ಶಿರಸಿ ಕಡೆಯ ಒಬ್ಬ ಹಿಂದೂ ಯುವಕ ತನ್ನ ಕಥೋಲಿಕ ಸಂಗಾತಿಯೊಂದಿಗೆ ಬಂದಿದ್ದ. ಧರ್ಮಾಧ್ಯಕ್ಷರ (ಬಿಷಪ್ಪರ) ವಿನಾಯಿತಿ ಪಡೆದು ಇಗರ್ಜಿಯಲ್ಲಿ ಮದುವೆಯಾಗಬಹುದು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ತನ್ನಿಂದಾದುದೆಲ್ಲವನ್ನೂ ಮಾಡುವೆನೆಂದು ಕಥೋಲಿಕ ಸಂಗಾತಿ ಮಾತು ಕೊಡಬೇಕು, ಆ ಮಾತು ಇನ್ನೊಬ್ಬರಿಗೂ ತಿಳಿದಿರಬೇಕು. ದೀಕ್ಷಾಸ್ನಾನ ಪಡೆಯದವರೊಂದಿಗಿನ ಮದುವೆ ಸಂಸ್ಕಾರವಾಗದಿದ್ದರೂ ಧರ್ಮಸಭೆಯ ದೃಷ್ಟಿಯಲ್ಲಿ ನಿಜವಾದ ಮದುವೆಯೇ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆತನ ಮೇಲೆ ಯಾವ ಒತ್ತಡವನ್ನೂ ಹೇರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ.

ಈಗ ನನಗೆ ಅತ್ಯಂತ ಮುಖ್ಯವಾದ ಕೊರತೆಯ ವಿಷಯಕ್ಕೆ ಬರುತ್ತೇನೆ. ಆ ಸಭಾಂಗಣದಲ್ಲಿದ್ದ ಹುಡುಗರಲ್ಲಿ ಹಲವರು ಕೊಲ್ಲಿ ದೇಶಗಳಲ್ಲೋ ಹಡಗಿನಲ್ಲೋ ಗೋವಾದ ಹೋಟೆಲುಗಳಲ್ಲೋ ದುಡಿಯುವವರು. ಭಟ್ಕಳದಿಂದ ಕಾರವಾರದವರೆಗೆ ಕರಾವಳಿಯ ಯಾವ ಇಗರ್ಜಿಗೆ ಹೋದರೂ ಗಂಡ ಊರಲ್ಲಿಲ್ಲದ ಮನೆಗಳು ಸಿಗುತ್ತವೆ. ಮದುವೆಯಾದ ಕೆಲವು ವಾರಗಳಲ್ಲಿ ಅವನು ಹೊರಟುಹೋಗುತ್ತಾನೆ, ಹೆಂಡತಿ ಅತ್ತೆ ಮಾವನ ಜೊತೆ ಉಳಿಯುತ್ತಾಳೆ, ಹೆರಿಗೆಯ ಹೊತ್ತಿಗೆ ಅವನಿರುತ್ತಾನೋ ಇಲ್ಲವೋ ಕಂಪನಿಯ ಕೈಯಲ್ಲಿರುತ್ತದೆ. ಶಿಬಿರದ ಎಲ್ಲ ಮಾತುಗಳೂ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದು, ಸಂಜೆ ಒಟ್ಟಿಗೆ ಜಪಮಾಲೆ ಹೇಳುವ ಮನೆಯನ್ನೇ ಕಣ್ಮುಂದಿಟ್ಟುಕೊಂಡಿದ್ದವು. ದೇವಕರೆಯೆಂದರೆ ಪರಸ್ಪರರನ್ನು ದೇವರೆಡೆಗೆ ಕರೆದೊಯ್ಯುವ ಹೊಣೆಯಾದರೆ, ಸಾವಿರಾರು ಮೈಲಿ ದೂರದಲ್ಲಿದ್ದು ಆ ಹೊಣೆಯನ್ನು ಹೊರುವುದು ಹೇಗೆಂದು ಕೇಳಿದಾಗ, ದಿನಾ ವಿಡಿಯೋ ಕರೆ ಮಾಡಿ ಎಂಬ ಉತ್ತರ ಬಂತು. ನಡುಸಮುದ್ರದಲ್ಲಿರುವ ಹಡಗಿನಿಂದ ದಿನಾ ಕರೆ ಮಾಡಲು ಎಲ್ಲರಿಗೂ ಆಗುವುದಿಲ್ಲ ಎನ್ನುವುದು ಹಾಗಿರಲಿ, ಕೇಳಿದ ಪ್ರಶ್ನೆಗೂ ಅದು ಉತ್ತರವಲ್ಲ.

ಪವಿತ್ರ ಬೈಬಲಿನಲ್ಲಿ ಇದಕ್ಕೆ ಆಧಾರ ಇಲ್ಲದೆ ಇಲ್ಲ. ಪೌಲರ ಅದೇ ಏಳನೆಯ ಅಧ್ಯಾಯದ ಐದನೆಯ ವಚನ, ದಂಪತಿಗಳು ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಇಬ್ಬರ ಒಪ್ಪಿಗೆಯಿಂದ ಅಗಲಿರಬಹುದೇ ಹೊರತು ಒಬ್ಬರಿಂದೊಬ್ಬರು ದೂರವಾಗಬಾರದೆಂದು ಹೇಳುತ್ತದೆ. ಒಪ್ಪಿಗೆಯೂ ಅವಧಿಯೂ ಇರಬೇಕೆಂಬ ಈ ಮಾತನ್ನು ಮುಂದಿಟ್ಟುಕೊಂಡು, ಎಷ್ಟು ವರ್ಷ ಹೊರಗಿರಬೇಕು, ಯಾವ ಸಾಲ ತೀರಿದ ಮೇಲೆ ಮರಳಬೇಕು, ಆ ನಿರ್ಧಾರದಲ್ಲಿ ಹೆಂಡತಿಯ ಮಾತಿಗೆ ಸ್ಥಾನವೇನು ಎಂದು ಪ್ರತಿ ಜೋಡಿಯೂ ಮದುವೆಗೆ ಮುಂಚೆಯೇ ಕುಳಿತು ಮಾತನಾಡುವಂತೆ ಶಿಬಿರ ಮಾಡಬಹುದಿತ್ತು. ತೋಬಿತನ ಗ್ರಂಥದಲ್ಲಿ ತೋಬಿಯಾ ಮತ್ತು ಸಾರಾ ಮದುವೆಯ ರಾತ್ರಿ ಒಟ್ಟಿಗೆ ಎದ್ದುನಿಂತು ಪ್ರಾರ್ಥಿಸುತ್ತಾರೆ. ಗಂಡನೂ ಹೆಂಡತಿಯೂ ಗೊತ್ತುಮಾಡಿಕೊಂಡ ಒಂದೇ ಹೊತ್ತಿಗೆ, ತಾವಿದ್ದಲ್ಲಿಂದಲೇ, ಅದೇ ಪ್ರಾರ್ಥನೆ ಹೇಳುವ ಅಭ್ಯಾಸವನ್ನು ಕಲಿಸಲು ಯಾವ ಖರ್ಚೂ ಇಲ್ಲ. ಹೀಗೆ ಬದುಕಿ ಮಕ್ಕಳನ್ನು ಬೆಳೆಸಿದ ಹಿರಿಯ ಹೆಂಗಸರು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ, ಅವರಲ್ಲಿ ಒಬ್ಬರನ್ನು ಕರೆಸಿ ಮಾತನಾಡಿಸಿದ್ದರೂ ನಮ್ಮಂಥವರಿಗೆ ಸಾಕಾಗುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಅಂಕೋಲಾದ ಅಮ್ಮನೇ ನನ್ನ ಪಕ್ಕ ಕುಳಿತು, ಮೊದಲ ವರ್ಷದಲ್ಲಿ ತವರಿಗೂ ಗಂಡನ ಮನೆಗೂ ನಡುವೆ ಹೇಗೆ ಹೊಂದಿಕೊಳ್ಳಬೇಕೆಂದು ಹೇಳಿದರು. ಅದು ಕಾರ್ಯಕ್ರಮ ಪಟ್ಟಿಯಲ್ಲಿರಲಿಲ್ಲ.

ಇನ್ನೊಂದು ಕೊರತೆ, ಶಿಬಿರ ಮುಗಿದ ಮೇಲೆ ಏನೂ ಇಲ್ಲದಿರುವುದು. ಪೋಪ್ ಎರಡನೆಯ ಜಾನ್ ಪೌಲರು 1981ರ 'ಫಮಿಲಿಯಾರಿಸ್ ಕೊನ್ಸೋರ್ಸಿಯೋ' ಪತ್ರದಲ್ಲಿ ವಿವಾಹ ಸಿದ್ಧತೆಯನ್ನು ಮೂರು ಹಂತಗಳಲ್ಲಿ ಹೇಳಿದ್ದಾರೆ: ಬಾಲ್ಯದಿಂದಲೇ ಮನೆಯಲ್ಲಿ ಆಗುವುದು, ಹರೆಯದಲ್ಲಿ ಆಗುವುದು, ಮದುವೆಗೆ ಹಿಂದಿನ ತಿಂಗಳು ವಾರಗಳಲ್ಲಿ ಆಗುವುದು. 2022ರಲ್ಲಿ ವ್ಯಾಟಿಕನ್ನಿನ ಕುಟುಂಬ ವಿಭಾಗ ಹೊರಡಿಸಿದ ಮಾರ್ಗದರ್ಶಿ ಇನ್ನೂ ಮುಂದೆ ಹೋಗಿ, ಮದುವೆಯ ನಂತರದ ಮೊದಲ ವರ್ಷಗಳಲ್ಲೂ ಧರ್ಮಸಭೆ ದಂಪತಿಗಳ ಜೊತೆಗಿರಬೇಕೆನ್ನುತ್ತದೆ. ಗುರುದೀಕ್ಷೆಗೆ ಹೋಗುವವನಿಗೆ ವರ್ಷಗಟ್ಟಲೆ ಗುರುಮಠದ ತರಬೇತಿ ಇದೆ, ಅದೇ ಸಾಲಿನಲ್ಲಿರುವ ಸಂಸ್ಕಾರಕ್ಕೆ ಒಂದು ವಾರಾಂತ್ಯ. ಇದು ನಾವು ಹೋದ ಶಿಬಿರವೊಂದರ ತಪ್ಪಲ್ಲ; ಅಲ್ಲಿದ್ದವರು ಸಂಬಳವಿಲ್ಲದೆ ದುಡಿಯುತ್ತಿದ್ದರು. ಆದರೆ ಪ್ರಮಾಣಪತ್ರದ ಜೊತೆಗೆ, ನಮ್ಮ ತಾಲೂಕಿನಲ್ಲಿ ಕಷ್ಟಕಾಲಕ್ಕೆ ಯಾವ ಹಿರಿಯ ದಂಪತಿಗಳ ಬಾಗಿಲು ತಟ್ಟಬಹುದೆಂಬ ಒಂದು ಚೀಟಿಯನ್ನಾದರೂ ಕೊಡಬಹುದು. ಮೊದಲ ವಾರ್ಷಿಕೋತ್ಸವಕ್ಕೆ ಎಲ್ಲ ಜೋಡಿಗಳನ್ನೂ ಒಂದು ಬಲಿಪೂಜೆಗೆ ಮತ್ತೆ ಕರೆಯಬಹುದು.

ಇಷ್ಟಿದ್ದೂ, ಆಯ್ಕೆಯಿದ್ದರೂ ನಾನು ಈ ಶಿಬಿರಕ್ಕೇ ಹೋಗುತ್ತಿದ್ದೆ, ನನ್ನ ತಂಗಿಯನ್ನೂ ಇಲ್ಲಿಗೇ ಕಳಿಸುತ್ತೇನೆ. ಹೋಗುವವರು ಮದುವೆಗೆ ಕನಿಷ್ಠ ಆರು ತಿಂಗಳು ಮುಂಚೆಯೇ ಹೋಗಬೇಕು. ಅಲ್ಲಿ ಎದ್ದ ಪ್ರಶ್ನೆಗಳನ್ನು ಇಬ್ಬರೂ ಕೂತು ಮಾತಾಡಲು ಸಮಯ ಬೇಕಾಗುತ್ತದೆ, ಪತ್ರಿಕೆ ಹಂಚಿದ ಮೇಲೆ ಆ ಸಮಯ ಸಿಗುವುದಿಲ್ಲ. ಸಾಧ್ಯವಾದಷ್ಟೂ ಇಬ್ಬರೂ ಒಟ್ಟಿಗೇ ಹೋಗಬೇಕು. ಹುಡುಗ ಹೊರದೇಶದಲ್ಲಿದ್ದರೆ ಅವನ ರಜೆಯ ದಿನಾಂಕ ಗೊತ್ತಾದ ಕೂಡಲೇ ಧರ್ಮಕೇಂದ್ರದ ಕಚೇರಿಗೆ ತಿಳಿಸಿದರೆ ಅವರು ಹೊಂದಿಸಿಕೊಡುತ್ತಾರೆ, ನಮಗೆ ಹಾಗೆಯೇ ಮಾಡಿದರು. ಒಂದು ನೋಟ್‌ಬುಕ್, ಬೈಬಲ್ ಮತ್ತು ಗುರುಗಳ ಶಿಫಾರಸು ಪತ್ರ ಜೊತೆಗಿರಲಿ. ಪತ್ರವಿಲ್ಲದೆ ಬಂದ ಒಂದು ಜೋಡಿಯ ಹೆಸರು ಬರೆದುಕೊಳ್ಳಲು ಮಧ್ಯಾಹ್ನದವರೆಗೂ ಕಾಯಿಸಿದ್ದನ್ನು ನೋಡಿದೆ. ರಾತ್ರಿಯೂಟದ ನಂತರ ಹಿರಿಯ ದಂಪತಿಗಳೊಡನೆ ಪ್ರತ್ಯೇಕವಾಗಿ ಮಾತನಾಡಲು ಅವಕಾಶವಿದೆ, ಆದರೆ ಅದನ್ನು ಯಾರೂ ಪ್ರಕಟಿಸುವುದಿಲ್ಲ, ನಾವಾಗಿಯೇ ಹೋಗಿ ಕೇಳಬೇಕು.